ಹನುಮಪ್ಪನ ಬೆನ್ನ ಹಿಂದೆ ಮೂರು ಹೆಜ್ಜೆ: ಮಕ್ಕಳ ಹುಡುಕಾಟದ ಆಟವೊಂದರ ಪ್ರಕರಣ ಅಧ್ಯಯನ

ರಾತ್ರಿ ಎಂಟೂವರೆ. ಊರ ಹೊರಗೆ ಹನುಮಪ್ಪನ ಗುಡಿ. ಗುಡಿಯ ಹಿಂದೆ ಇಬ್ಬರು ಗಂಡಸರು. ಒಬ್ಬನ ಕೈಯಲ್ಲಿ ಬ್ಯಾಟರಿ, ಇನ್ನೊಬ್ಬರ ಕೈಯಲ್ಲಿ ಸಣ್ಣ ಹಾರೆ, ಜೇಬಿನಲ್ಲಿ ಒಂದು ಚೀಟಿ. ಚೀಟಿಯಲ್ಲಿ ಹೀಗೆ ಬರೆದಿತ್ತು: ‘ಪವನಸುತನ ಬೆನ್ನ ಹಿಂದೆ, ಮೂರು ಹೆಜ್ಜೆ, ಭೂತಾಯಿಯ ಮಡಿಲಲ್ಲಿ.’

ಗಂಗಾವತಿ ತಾಲ್ಲೂಕಿನಲ್ಲಿ ಇಂಥ ಚೀಟಿ ಇಟ್ಟುಕೊಂಡು ರಾತ್ರಿ ಸಿಕ್ಕಿಬಿದ್ದವರನ್ನು ಜನ ಏನಂದುಕೊಳ್ಳುತ್ತಾರೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ಯಾಟರಿ ಹಿಡಿದಿದ್ದವನು ನಾನು. ಹಾರೆ ಹಿಡಿದಿದ್ದವರು ಹೈಸ್ಕೂಲು ಮೇಷ್ಟ್ರು. ನಾವು ಹೂಳಲು ಹೋಗಿದ್ದು ಒಂದು ಸ್ಟೀಲಿನ ಟಿಫಿನ್ ಡಬ್ಬಿ. ಒಳಗೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಹತ್ತು ಶೇಂಗಾ ಚಿಕ್ಕಿ, ಒಂದು ಹಿಡಿ ಗೋಲಿ.

ಮಕ್ಕಳಿಗೆ ಇಂಥ ಆಟ ಆಡಿಸಬೇಕು ಅಂತಿರುವ ಬೇರೆ ಶಿಬಿರದವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಎಲ್ಲೂ ಹಾಕಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಎರಡು ವರ್ಷದ ಹಿಂದಿನ ಏಪ್ರಿಲ್. ಊರಿನ ಗ್ರಂಥಾಲಯದಲ್ಲಿ ಹತ್ತು ದಿನದ ಬೇಸಿಗೆ ಶಿಬಿರ. ಆರನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗಿನ 34 ಮಕ್ಕಳು. ನಡೆಸುವವರು ಮೂವರು: ಮೇಷ್ಟ್ರು, ಗ್ರಂಥಾಲಯದ ಮೇಡಂ, ನಾನು. ಕೊನೆಯ ದಿನ ಏನಾದರೂ ದೊಡ್ಡದು ಮಾಡಬೇಕು ಅಂತ ಮೇಷ್ಟ್ರ ಹಟ. ಅವರ ತಲೆಯಲ್ಲಿ ಜಿಯೋಕ್ಯಾಶಿಂಗ್ ಹೊಕ್ಕಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ ಇದು. ಅಮೆರಿಕ ಸರ್ಕಾರ ಮೊದಲು ಸಾಮಾನ್ಯರ ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿತ್ತು. ಜಾಗ ನೂರು ಮೀಟರ್‌ವರೆಗೂ ಆಚೀಚೆ ತೋರಿಸುತ್ತಿತ್ತು. 2000ದ ಮೇ ಮೊದಲ ವಾರ ಆ ತಪ್ಪನ್ನು ತೆಗೆದರು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಒರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿಗೆ ಹಾಕಿದ. ಬಕೆಟ್ಟಿನಲ್ಲಿ ಹೆಸರು ಬರೆಯಲು ಒಂದು ಪುಸ್ತಕ, ಪೆನ್ಸಿಲ್, ಒಂದು ಕವಣೆ, ಒಂದು ಡಬ್ಬಿ ಬೀನ್ಸ್, ಇನ್ನೂ ಏನೇನೋ. ಹುಡುಕಿದವರು ಹೆಸರು ಬರೆಯಬೇಕು. ಏನಾದರೂ ತೆಗೆದುಕೊಂಡರೆ ಏನಾದರೂ ಇಡಬೇಕು. ಇಷ್ಟೇ ಆಟ. ಇದಕ್ಕೂ ಹಿಂದೆ, 1854ರಲ್ಲಿ, ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ದಾರಿ ತೋರಿಸುವವನು ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಒಂದು ಬಾಟಲಿ ಇಟ್ಟಿದ್ದ. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿ ಅದರಲ್ಲಿ ಹಾಕಿ ಹೋಗುತ್ತಿದ್ದರು. ಎರಡರಲ್ಲೂ ಬಂಗಾರ ಇಲ್ಲ, ನೋಡಿ. ನಮಗೆ ಇದು ಆಗಲೇ ಹೊಳೆಯಬೇಕಿತ್ತು.

ಹೊಳೆಯಲಿಲ್ಲ. ಯಾಕೆಂದರೆ ನಾವು ನಕ್ಷೆ ತಂದಿದ್ದು ಕಡಲ್ಗಳ್ಳರ ಕಥೆಯಿಂದ. ಹಳದಿ ಕಾಗದ, ಕೆಂಪು ಗುಣಾಕಾರದ ಗುರುತು, ಕೆಳಗೆ ಹೂತ ಪೆಟ್ಟಿಗೆ. 1881ರಲ್ಲಿ ಸ್ಟೀವನ್ಸನ್ ತನ್ನ ಮಲಮಗನ ಜೊತೆ ಸುಮ್ನೆ ಬರೆದ ಒಂದು ದ್ವೀಪದ ನಕ್ಷೆಯಿಂದ ಹುಟ್ಟಿದ ‘ಟ್ರೆಷರ್ ಐಲೆಂಡ್’ ಕಾದಂಬರಿ ಈ ಚಿತ್ರವನ್ನು ಲೋಕದ ಮಕ್ಕಳ ತಲೆಯಲ್ಲೆಲ್ಲ ಕೂರಿಸಿತು. ನಿಜದ ಕಡಲ್ಗಳ್ಳರು ಪೆಟ್ಟಿಗೆ ಹೂತು ನಕ್ಷೆ ಬರೆದಿಟ್ಟಿದ್ದು ತೀರಾ ಕಡಿಮೆ. ಆದರೆ ಮೇಷ್ಟ್ರು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಕಾಗದ ಹಳೆಯದು ಮಾಡಿಯಾಗಿತ್ತು. ಆಟಕ್ಕೆ ಹೆಸರೂ ಇಟ್ಟಾಗಿತ್ತು: ‘ನಿಧಿ ಬೇಟೆ’.

ಸಮಸ್ಯೆ

‘ನಿಧಿ’ ಅನ್ನುವ ಮಾತು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೇರೆ, ಇಲ್ಲಿ ಬೇರೆ. 1565ರ ಯುದ್ಧ ಸೋತ ಮೇಲೆ ವಿಜಯನಗರದಿಂದ 550 ಆನೆಗಳ ಮೇಲೆ ಸಂಪತ್ತು ಹೊರಟಿತು ಅಂತ ಇತಿಹಾಸಕಾರ ರಾಬರ್ಟ್ ಸೆವೆಲ್ 1900ರಲ್ಲಿ ಬರೆದ. ಹೋದದ್ದು 550 ಆನೆಯಷ್ಟಾದರೆ ಉಳಿದದ್ದು ಎಷ್ಟು ಅಂತ ನಮ್ಮ ಜನ ಇವತ್ತಿಗೂ ಲೆಕ್ಕ ಹಾಕುತ್ತಾರೆ. ಏಳು ಕೊಪ್ಪರಿಗೆ ಹೊನ್ನು, ಕಾಯುವ ಹಾವು, ಅಂಜನ ಹಾಕಿ ನೋಡುವವರು, ಅಮಾವಾಸ್ಯೆ. ಈ ಕಥೆ ಕೇಳದೆ ಬೆಳೆದ ಮಗು ಇಲ್ಲಿಲ್ಲ.

ಕಥೆಯಾಗಿ ಉಳಿದಿದ್ದರೆ ಸರಿಯಿತ್ತು. ಹಿರೇಬೆಣಕಲ್ಲಿನ ಮೊರೇರ ಬೆಟ್ಟದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮನೆಗಳಿವೆ. ಸತ್ತವರಿಗಾಗಿ ಕಟ್ಟಿದವು. ಅವುಗಳಲ್ಲಿ ಎಷ್ಟೋ ಚಪ್ಪಡಿಗಳನ್ನು ನಿಧಿಗಳ್ಳರು ಕೆಡವಿ ಹಾಕಿದ್ದಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ಮಾಧ್ವ ಯತಿ ವ್ಯಾಸರಾಜರ ಬೃಂದಾವನವನ್ನೇ, ಅಂದರೆ ಸಮಾಧಿಯನ್ನೇ, ರಾತ್ರೋರಾತ್ರಿ ಒಡೆದರು. ಹೊಳೆ ನಡುವಿನ ನಡುಗಡ್ಡೆಗೆ ಹೋಗಿ ಒಡೆದವರಿಗೆ ಊರ ಹೊರಗಿನ ಗುಡಿ ಯಾವ ಲೆಕ್ಕ? ಅದಾದ ಮೇಲೆ ಇಲ್ಲಿಯ ಊರುಗಳಲ್ಲಿ ರಾತ್ರಿ ಹೊತ್ತು ಗುಡಿ ಹತ್ತಿರ ಬೆಳಕು ಕಂಡರೆ ಜನ ಎದ್ದು ಬರುತ್ತಾರೆ. ಬರಬೇಕಾದದ್ದೇ.

ನಮ್ಮ ಹತ್ತಿರವೂ ಬಂದರು. ಮೊದಲು ಆರು ಜನ, ಆಮೇಲೆ ಮೂವತ್ತು.

‘ಏನ್ ಹುಡುಕಾಕತ್ತೀರಿ ಇಲ್ಲಿ?’

‘ಹುಡುಕ್ತಿಲ್ಲ, ಇಡ್ತಿದ್ದೀವಿ’ ಅಂದರು ಮೇಷ್ಟ್ರು. ಸತ್ಯವನ್ನೇ ಹೇಳಿದ್ದರು.

‘ಇಡಾಕತ್ತೀರಾ? ಮಾಟಾನಾ?’

ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಡಬ್ಬಿ ತೆರೆದು ತೋರಿಸಿದೆವು. ಚಿಕ್ಕಿ ಕಂಡು ಒಬ್ಬಿಬ್ಬರು ನಕ್ಕರು. ಚೀಟಿ ಓದಿದವರು ನಗಲಿಲ್ಲ. ಆ ಚೀಟಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಠಾಣೆಯಿಂದ ಇಬ್ಬರು ಬಂದರು, ಹೆಸರು ಬರೆದುಕೊಂಡರು, ಮೇಷ್ಟ್ರ ಗುರುತು ಹಿಡಿದು ಬಿಟ್ಟರು. ಹಾರೆ ಮಾತ್ರ ಅವರ ಹತ್ತಿರವೇ ಉಳಿಯಿತು.

ಮರುದಿನ ಬೆಳಗ್ಗೆ ಕಟ್ಟೆಯ ಮೇಲೆ ಹಿರಿಯರು ಸೇರಿದರು. ನಾವು ಕ್ಷಮೆ ಕೇಳಿದೆವು. ಮಾತು ಮುಗಿಯಿತು ಅನ್ನುವಷ್ಟರಲ್ಲಿ ಒಬ್ಬ ಅಜ್ಜಿ ಬಾಯಿ ತೆರೆದರು. ‘ಹಿಂದ ಒಮ್ಮಿ ಹಿಂಗ ಇಬ್ರು ಬಂದಿದ್ರು. ಚಲೋ ಬಟ್ಟಿ ಹಾಕ್ಕೊಂಡಿದ್ರು ನಿಮ್ಮಂಗ. ಮುಂಜಾನಿ ನೋಡಿದ್ರ ನಾಗರಕಲ್ಲು ಮಗುಚಿ ಬಿದ್ದಿತ್ತು. ನನ್ನ ಮದುವಿಯಾದ ವರ್ಷ ನಮ್ಮತ್ತಿ ನಿಲ್ಸಿದ ಕಲ್ಲು ಅದು.’ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ನಮಗೆ ಜಾಸ್ತಿ ನಾಟಿತು.

ಏನೇನು ಮಾಡಿ ನೋಡಿದೆವು

ಆಟ ಕೈಬಿಡೋಣ ಅಂತ ನಾನು ಅಂದೆ. ಮಕ್ಕಳಿಗೆ ಆಗಲೇ ಹೇಳಿಯಾಗಿದೆ, ಶಾಲೆಯ ಕಾಂಪೌಂಡಿನೊಳಗೇ ಮಾಡೋಣ ಅಂದರು ಮೇಷ್ಟ್ರು. ಮಾಡಿದೆವು. ಆರು ಡಬ್ಬಿ ಇಟ್ಟೆವು. ಇಪ್ಪತ್ತು ನಿಮಿಷದಲ್ಲಿ ಆರೂ ಸಿಕ್ಕವು, ಸುಳಿವು ಯಾರೂ ಓದಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ, ‘ನಮ್ಮ ಸಾಲಿ ಸರ ಇದು. ಇಲ್ಲಿ ಎಲ್ಲಿ ಏನು ಮುಚ್ಚಿಡಬಹುದು ಅನ್ನೋದು ನಮಗೆ ಗೊತ್ತಿಲ್ಲೇನು?’ ಅಂದ. ಡಬ್ಬಿಯ ಚಿಕ್ಕಿ ತಿಂದು ಮಕ್ಕಳು ಆಲದ ಮರದಡಿ ಮರಳಿನಲ್ಲಿ ತಮ್ಮದೇ ಆಟ ಶುರು ಮಾಡಿದರು. ಒಬ್ಬಳು ಮರಳಿನ ಉದ್ದ ದಿಂಡು ಮಾಡಿ ಅದರೊಳಗೆ ಒಂದು ಕಡ್ಡಿಯನ್ನು ಸರಿಸುತ್ತಾ ಎಲ್ಲೋ ಬಿಡುತ್ತಾಳೆ. ಇನ್ನೊಬ್ಬಳು ಎರಡೂ ಕೈ ಹೆಣೆದು, ಕಡ್ಡಿ ಇಲ್ಲೇ ಇದೆ ಅಂತ ಒಂದು ಕಡೆ ಮುಚ್ಚುತ್ತಾಳೆ. ತಪ್ಪಿದರೆ, ಬೊಗಸೆಯಲ್ಲಿ ಮರಳು ತುಂಬಿ ಕಡ್ಡಿ ನೆಟ್ಟು, ಕಣ್ಣು ಮುಚ್ಚಿಸಿ ದೂರ ಕರೆದುಕೊಂಡು ಹೋಗಿ ಸುರಿಸಿ ಬರುತ್ತಾರೆ. ಆಮೇಲೆ ಅವಳು ಆ ಜಾಗ ತಾನೇ ಹುಡುಕಬೇಕು.

ಗ್ರಂಥಾಲಯದ ಮೇಡಂ ಇದನ್ನೇ ನೋಡುತ್ತಾ ನಿಂತಿದ್ದರು. ‘ಇವರ ಆಟದಲ್ಲಿ ಸಿಗೋದು ಒಂದು ಕಡ್ಡಿ. ನಿಮ್ಮ ಪೆಟ್ಟಿಗೆ ಯಾರಿಗೆ ಬೇಕು?’ ಅಂದರು. ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ.

ಅವತ್ತು ಮಧ್ಯಾಹ್ನ ಮೂವರೂ ಕೂತು ಹಳೆಯ ಹುಡುಕಾಟಗಳನ್ನು ಒಂದೊಂದಾಗಿ ತೂಗಿದೆವು. ಕಿಟ್ ವಿಲಿಯಮ್ಸ್ ಎಂಬ ಚಿತ್ರಕಾರ ಚಿನ್ನದ ಮೊಲವೊಂದನ್ನು ಮಾಡಿ ಹೂತು, 1979ರಲ್ಲಿ ಒಂದು ಚಿತ್ರಪುಸ್ತಕದಲ್ಲಿ ಸುಳಿವು ಅಡಗಿಸಿಟ್ಟ. ಸುಂದರ ಪುಸ್ತಕವೇ. ಆದರೆ ಜನ ಇಂಗ್ಲೆಂಡಿನ ತೋಟ, ಹೊಲ, ಪಾರ್ಕು ಎಲ್ಲ ಅಗೆದರು. ನಮಗೆ ಬೇಡವಾಗಿದ್ದೂ ಅದೇ. ಫಾರೆಸ್ಟ್ ಫೆನ್ ಎಂಬ ಅಮೆರಿಕದ ವ್ಯಾಪಾರಿ 2010ರಲ್ಲಿ ಬೆಟ್ಟಗಳ ನಡುವೆ ಪೆಟ್ಟಿಗೆ ಬಚ್ಚಿಟ್ಟು ಪದ್ಯ ಬರೆದ. 2020ರಲ್ಲಿ ಅದು ಸಿಗುವ ಹೊತ್ತಿಗೆ ಹುಡುಕಲು ಹೋದ ಐದು ಜನ ಸತ್ತಿದ್ದರು. ನಮ್ಮ ಗುಡ್ಡಗಳಲ್ಲಿ ಚಿರತೆ ಇದೆ, ಏಪ್ರಿಲ್ ಬಿಸಿಲಿದೆ. ಅದೂ ಬೇಡ.

ಮೇಡಂ ಕೇಳಿದರು: ಕಿಷ್ಕಿಂಧೆ ಇಲ್ಲೇ ಅಂತ ನಂಬುವ ಊರಲ್ಲಿ ಕೂತು ಇಂಗ್ಲೆಂಡಿನ ಮೊಲ ಯಾಕೆ?

ಯೋಚಿಸಿ ನೋಡಿ. ಸೀತೆ ಒಡವೆಯ ಗಂಟನ್ನು ಬೆಟ್ಟದ ಮೇಲಿದ್ದ ವಾನರರ ನಡುವೆ ಬೀಳಿಸುತ್ತಾಳೆ. ಅದೇ ಮೊದಲ ಸುಳಿವು. ಸುಗ್ರೀವ ಅದನ್ನು ಜೋಪಾನ ಮಾಡಿ ರಾಮನಿಗೆ ತೋರಿಸುತ್ತಾನೆ. ಲಕ್ಷ್ಮಣನಿಗೆ ಗುರುತು ಸಿಗುವುದು ಕಾಲಂದುಗೆ ಮಾತ್ರ, ದಿನಾ ಪಾದಕ್ಕೆ ನಮಸ್ಕಾರ ಮಾಡುತ್ತಿದ್ದವನು ಅವನು. ನಾಲ್ಕು ದಿಕ್ಕಿಗೆ ನಾಲ್ಕು ತಂಡ. ಒಂದು ತಿಂಗಳ ಗಡುವು. ದಕ್ಷಿಣಕ್ಕೆ ಹೋದ ಅಂಗದನ ತಂಡ ಒಂದು ಗುಹೆ ಹೊಕ್ಕು ದಿನ ಕಳೆದುಕೊಳ್ಳುತ್ತದೆ, ಗಡುವು ಮೀರುತ್ತದೆ, ಸೋತು ಕಡಲ ದಂಡೆಯಲ್ಲಿ ಕೂರುತ್ತದೆ. ಆಗ ದಾರಿ ಹೇಳುವವನು ರೆಕ್ಕೆ ಸುಟ್ಟುಕೊಂಡ ಮುದಿ ಹದ್ದು ಸಂಪಾತಿ. ಅವನು ಯಾವ ತಂಡದವನೂ ಅಲ್ಲ. ಹನುಮಂತ ಉಂಗುರ ಕೊಟ್ಟು ಬರುತ್ತಾನೆ, ಚೂಡಾಮಣಿ ತರುತ್ತಾನೆ. ಒಂದು ಇಡು, ಒಂದು ತಾ. ಇಡೀ ಹುಡುಕಾಟದಲ್ಲಿ ಯಾರೂ ನೆಲ ಅಗೆಯುವುದಿಲ್ಲ. ಬರುವುದು ಸುದ್ದಿ ಮತ್ತು ಗುರುತು.

ಇದರ ಮೇಲೆ ಹೊಸ ಆಟ ಕಟ್ಟಿದೆವು. ಹೆಸರು ‘ಗುರುತಿನ ಆಟ’. ‘ನಿಧಿ’ ಅನ್ನುವ ಮಾತು ಎಲ್ಲೂ ಬರಬಾರದು. ಹಾರೆ, ಸಲಿಕೆ, ಅಗೆತ ಇಲ್ಲವೇ ಇಲ್ಲ. (ಜಿಯೋಕ್ಯಾಶಿಂಗ್ ನಿಯಮದಲ್ಲೇ ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ನೆಲ ಅಗೆಯಬಾರದು ಅಂತಿದೆ. ನಾವು ಓದಿದ್ದು ಸಿಕ್ಕಿಬಿದ್ದ ಮೇಲೆ.) ಡಬ್ಬಿಗಳನ್ನು ಕಲ್ಲುಸಂದಿಯಲ್ಲಿ ಇಡುವ ಬದಲು ಜನರ ಕೈಗೆ ಕೊಟ್ಟೆವು: ಹಿಟ್ಟಿನ ಗಿರಣಿಯವರು, ಒಬ್ಬ ಕುಂಬಾರ, ಹಾಲಿನ ಡೇರಿಯ ಅಕ್ಕ, ಕುರಿ ಕಾಯುವ ಒಬ್ಬ ಅಜ್ಜ. ಮಕ್ಕಳು ಸುಳಿವು ಬಿಡಿಸಿ ಸರಿಯಾದ ಗುರುತು ತೋರಿಸಿದರೆ ಅವರು ಡಬ್ಬಿ ಕೊಡುತ್ತಾರೆ. ಎರಡು ಕಡೆ ಡಬ್ಬಿಯೇ ಇಲ್ಲ, ನೋಡಿ ಉತ್ತರ ಬರೆಯಬೇಕು. ಅದರಲ್ಲಿ ಒಂದು ಊರಾಚೆಯ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗದ ಪೂಜೆ, ತುದಿಯಲ್ಲಿ ಸೂರ್ಯ ಚಂದ್ರ. ಸುಳಿವು ಹೀಗಿತ್ತು: ‘ಸತ್ತವನು ಮೂರು ಮಹಡಿ ಹತ್ತಿದ. ಮೊದಲ ಮಹಡಿಯಲ್ಲಿ ಅವನ ಎದುರು ಎಷ್ಟು ಜನ?’

ಇದನ್ನೆಲ್ಲ ಹಿಡಿದು ಮತ್ತೆ ಕಟ್ಟೆಗೆ ಹೋದೆವು. ಮೇಷ್ಟ್ರು ಹಿರಿಯರಿಗೆ ಮಸ್ಕಿಯ ಕಥೆ ಹೇಳಿದರು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಬಂಗಾರ ಹುಡುಕುತ್ತಾ ರಾಯಚೂರು ಸೀಮೆಯ ಮಸ್ಕಿಯ ಬಂಡೆ ಹತ್ತಿರ ಬಂದ. ಅವನಿಗೆ ಸಿಕ್ಕಿದ್ದು ಅಕ್ಷರ. ಅಲ್ಲಿಯವರೆಗೆ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಅಂತಷ್ಟೇ ಕಾಣುತ್ತಿದ್ದ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದು ಆ ಬಂಡೆಯ ಮೇಲೆ ಅವನ ಹೆಸರೇ ಇದ್ದುದರಿಂದ. ಮೇಷ್ಟ್ರು ಚೆನ್ನಾಗಿಯೇ ಹೇಳಿದರು. ಎಲ್ಲ ಕೇಳಿದ ಒಬ್ಬ ಹಿರಿಯರು, ‘ಬಂಗಾರ ಸಿಕ್ತೋ ಇಲ್ಲೋ ಅದನ್ನ ಹೇಳ್ರಿ’ ಅಂದರು. ಕಟ್ಟೆಯೆಲ್ಲ ನಕ್ಕಿತು. ಒಪ್ಪಿಗೆ ಸಿಕ್ಕಿತು, ಎರಡು ಷರತ್ತಿನ ಮೇಲೆ. ಹನುಮಪ್ಪನ ಗುಡಿ ಆಟದಲ್ಲಿ ಇರಬಾರದು. ಪ್ರತಿ ಗುಂಪಿನ ಜೊತೆ ಊರಿನ ಒಬ್ಬ ದೊಡ್ಡವರು ಇರಬೇಕು. ಎರಡೂ ನಾವೇ ಯೋಚಿಸಬೇಕಿದ್ದ ಮಾತು. ಒಂದು ಮನೆಯವರು ಮಾತ್ರ ಮಗನನ್ನು ಕಳಿಸುವುದಿಲ್ಲ ಅಂದರು, ಕಡೆಗೂ ಕಳಿಸಲಿಲ್ಲ. ಆಡಿದವರು 33 ಮಕ್ಕಳು.

ಆಟದ ದಿನ

ಬೆಳಗ್ಗೆ ಆರಕ್ಕೆ ಶುರು, ಒಂಬತ್ತೂವರೆಗೆ ಮುಗಿಯಬೇಕು. ಪ್ರತಿ ಮಗುವಿಗೆ ಒಂದು ಹಾಳೆ: ಸುಳಿವುಗಳು, ಅಕ್ಷಾಂಶ ರೇಖಾಂಶ. ಐದು ಗುಂಪು, ಗುಂಪಿಗೊಂದು ಮೊಬೈಲು.

ಆರೂಕಾಲಿಗೇ ಗೊಂದಲ. ಮೂರನೇ ಗುಂಪಿನ ಮೊಬೈಲು ತುಂಗಭದ್ರಾ ಡ್ಯಾಮಿನ ಕಡೆ ತೋರಿಸುತ್ತಿತ್ತು. ತಪ್ಪು ನನ್ನದು. ಹಾಳೆಯಲ್ಲಿ 15 ಡಿಗ್ರಿ 26.5 ನಿಮಿಷ ಅಂತಿದ್ದದ್ದನ್ನು ನಾನು ಅವರ ಮೊಬೈಲಿಗೆ 15.265 ಅಂತ ಹಾಕಿಕೊಟ್ಟಿದ್ದೆ. ಡಿಗ್ರಿಗೆ ಅರವತ್ತು ನಿಮಿಷ. 26.5ನ್ನು 60ರಿಂದ ಭಾಗಿಸಿ 15.4417 ಅಂತ ಹಾಕಬೇಕಿತ್ತು. ಅಷ್ಟಕ್ಕೇ ಜಾಗ ಸುಮಾರು 20 ಕಿಲೋಮೀಟರ್ ದಕ್ಷಿಣಕ್ಕೆ ಜಾರಿತ್ತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, ‘ನಡ್ಕೋತ ಹೋದ್ರ ಒಂಬತ್ತೂವರಿಗೆ ಡ್ಯಾಮ್ ಮುಟ್ಟೋದಿಲ್ರಿ ಸರ’ ಅಂದಳು. ಸರಿ ಮಾಡಿಕೊಟ್ಟ ಮೇಲೂ ದೊಡ್ಡ ಗುಂಡುಕಲ್ಲುಗಳ ನಡುವೆ ಜಿಪಿಎಸ್ ತಡಕಾಡುತ್ತಿತ್ತು. ಆಕಾಶ ಪೂರ್ತಿ ಕಾಣದ ಕಡೆ ಸಿಗ್ನಲ್ ಬಂಡೆಗೆ ತಾಗಿ ಸುತ್ತಿ ಬರುತ್ತದೆ, ನೀಲಿ ಚುಕ್ಕೆ ಕುಣಿಯುತ್ತದೆ. ನಮ್ಮ ಸೀಮೆಯಲ್ಲಿ ಇಂಥ ಆಟ ಆಡಿಸುವವರು ಜಿಪಿಎಸ್‌ನಿಂದ ಓಣಿಯವರೆಗೆ ಮಾತ್ರ ಕರೆದೊಯ್ದು, ಉಳಿದದ್ದನ್ನು ಒಗಟಿಗೆ ಬಿಡುವುದು ಮೇಲು.

ಆ ಗುಂಪು ಹೇಗೂ ಹಿಂದೆ ಬಿದ್ದಿತ್ತು. ಅವರು ಮೊಬೈಲನ್ನು ಜೇಬಿಗಿಟ್ಟು, ದಾರಿಯಲ್ಲಿ ಸಿಕ್ಕ ಕುರಿಗಾಹಿ ಅಜ್ಜನಿಗೆ ಸುಳಿವು ಓದಿ ಹೇಳಿದರು. ಅಜ್ಜ ಒಂದು ಡಬ್ಬಿ ಇಟ್ಟುಕೊಂಡಿದ್ದವರು, ಆದರೆ ಮಕ್ಕಳು ಕೇಳಿದ್ದು ಬೇರೆ ಸುಳಿವು. ‘ಮೂರು ಮಹಡಿ’ ಅಂದ ಕೂಡಲೇ ಅಜ್ಜ ವೀರಗಲ್ಲಿನ ಕಡೆ ಕೋಲು ತೋರಿಸಿದರು. ಜೊತೆಗೆ, ಅಲ್ಲಿ ಹೋದಾಗೆಲ್ಲ ಕುರಿ ಮಂದೆಯವರು ಒಂದು ಹಿಡಿ ಹಸಿರು ಹಾಕಿ ಬರುತ್ತಾರೆ ಅಂತಲೂ ಹೇಳಿದರು. ಹುಡುಗಿಯರು ಬೇವಿನ ಸೊಪ್ಪು ಕಿತ್ತುಕೊಂಡು ಹೋಗಿ ಹಾಕಿದರು. ನಮ್ಮ ಯಾವ ಹಾಳೆಯಲ್ಲೂ ಇದು ಇರಲಿಲ್ಲ.

ಈ ಗುಂಪೇ ಮೊದಲು ಮುಗಿಸಿತು. ಜಗಳ ಶುರುವಾಯಿತು. ಕೇಳಿ ತಿಳಿದುಕೊಂಡದ್ದು ಮೋಸ ಅಂತ ಉಳಿದವರು. ಅದೇ ಹೊತ್ತಿಗೆ ಇನ್ನೊಂದು ದೂರು: ಗಿರಣಿಯವರು ತಮ್ಮ ಮಗಳಿಗೆ ಹಿಂದಿನ ರಾತ್ರಿಯೇ ಸುಳಿವು ಹೇಳಿದ್ದಾರೆ. ಎರಡೂ ಒಂದೇನಾ? ಚಿನ್ನದ ಮೊಲ ಗೆದ್ದವನು ಒಗಟು ಬಿಡಿಸಿಯೇ ಇರಲಿಲ್ಲ, ಕಲಾವಿದನ ಹಿಂದಿನ ಗೆಳತಿಯ ಕಡೆಯಿಂದ ಜಾಗದ ಸುಳಿವು ಸಿಕ್ಕಿತ್ತು ಅಂತ 1988ರಲ್ಲಿ ಬಯಲಾಯಿತು. ಮಕ್ಕಳಿಗೆ ಇದನ್ನೂ ಸಂಪಾತಿಯ ಕಥೆಯನ್ನೂ ಪಕ್ಕಪಕ್ಕ ಹೇಳಿ, ನೀವೇ ತೀರ್ಮಾನ ಮಾಡಿ ಅಂತ ಬಿಟ್ಟೆವು. ಹತ್ತು ನಿಮಿಷ ಕೂಗಾಡಿದರು. ದಾರಿಯಲ್ಲಿ ಎಲ್ಲರಿಗೂ ಸಿಗುವವರನ್ನು ಕೇಳಬಹುದು, ಆಟ ಇಟ್ಟವರನ್ನು ಕೇಳಬಾರದು ಅಂತ ತೀರ್ಮಾನ ಬಂತು. ಅಜ್ಜ ಎರಡೂ ಅಲ್ವಾ, ಡಬ್ಬಿ ಇಟ್ಟುಕೊಂಡವರೂ ಹೌದು, ದಾರಿಯಲ್ಲಿ ಸಿಕ್ಕವರೂ ಹೌದು ಅಂತ ಒಬ್ಬ ಎಬ್ಬಿಸಿದ. ಅಷ್ಟರಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂತು. ಲಂಕೆಯ ಸುದ್ದಿ ಹೊತ್ತು ಬಂದ ವಾನರರು ಮಧುವನಕ್ಕೆ ನುಗ್ಗಿದ ಹಾಗೆ ಎಲ್ಲರೂ ನುಗ್ಗಿದರು, ಪ್ರಶ್ನೆ ಅಲ್ಲೇ ಉಳಿಯಿತು.

ಆಮೇಲೆ

ಅವತ್ತು ಸಂಜೆ ಮೇಡಂ ಫೋನ್ ಮಾಡಿದರು. ಒಬ್ಬ ಹುಡುಗನ ಅಣ್ಣ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಳೆಯ ಫೋಟೋ ಹಾಕಿದ್ದಾನೆ. ತಮ್ಮ ಗೆದ್ದ ಖುಷಿ. ಫೋಟೋದಲ್ಲಿ ವೀರಗಲ್ಲಿನ ಅಕ್ಷಾಂಶ ರೇಖಾಂಶ ನಿಚ್ಚಳವಾಗಿ ಕಾಣುತ್ತಿತ್ತು.

ಬೇಲಿ ಇಲ್ಲದ, ಬೋರ್ಡಿಲ್ಲದ, ಯಾರೂ ಕಾಯದ ಹಳೆಯ ಕಲ್ಲೊಂದರ ಜಾಗವನ್ನು ನಾವೇ 33 ಹಾಳೆಯ ಮೇಲೆ ಅಚ್ಚು ಹಾಕಿಸಿ ಹಂಚಿದ್ದೆವು. ಹಾರೆ ಬಿಟ್ಟೆವು ಅಂತ ಬೀಗುತ್ತಿದ್ದವರು ದಾರಿ ತೋರಿಸಿ ಬಂದಿದ್ದೆವು. ಮೊದಲ ರಾತ್ರಿಯ ತಪ್ಪಿಗಿಂತ ಇದು ದೊಡ್ಡದು ಅಂತಲೇ ನನ್ನ ಅಭಿಪ್ರಾಯ. ಅವತ್ತು ನಮ್ಮನ್ನು ಹಿಡಿಯಲು ಮೂವತ್ತು ಜನ ಬಂದಿದ್ದರು. ಈ ತಪ್ಪು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಸ್ಟೇಟಸ್ ಅಳಿಸಿಸಿದೆವು. ಮನೆಮನೆಗೆ ಹೋಗಿ ಹಾಳೆ ವಾಪಸ್ ಕೇಳಿದೆವು. ನೆಲದಲ್ಲಿ ಏನಾದರೂ ಬೆಲೆಬಾಳುವುದು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾನೂನು 1878ರಿಂದಲೂ ಇದೆ, ಹಳೆಯ ಕಲ್ಲು ಮುಟ್ಟಿದರೆ ಕೇಸಾಗುತ್ತದೆ ಅಂತ ಮಕ್ಕಳ ಅಪ್ಪ ಅಮ್ಮಂದಿರಿಗೂ ಹೇಳಿದೆವು. ಹೋದ ವರ್ಷದ ಆಟದಲ್ಲಿ ಅಕ್ಷಾಂಶ ರೇಖಾಂಶದ ಅಂಕಿಗಳು ಗಿರಣಿ, ಡೇರಿ, ಬಸ್ ಸ್ಟ್ಯಾಂಡಿಗೆ ಮಾತ್ರ ಇದ್ದವು. ಹಳೆಯ ಕಲ್ಲಿನ ಹತ್ತಿರ ಹೋಗಬೇಕಾದರೆ ಅಜ್ಜನನ್ನೇ ಕೇಳಬೇಕು, ಅಜ್ಜನಿಗೆ ಮನಸ್ಸಿದ್ದರೆ ಕರೆದೊಯ್ಯುತ್ತಾರೆ. ನಾಗರಕಲ್ಲಿನ ಅಜ್ಜಿ ತಾವೂ ಒಂದು ಡಬ್ಬಿ ಇಟ್ಟುಕೊಳ್ಳುತ್ತೇನೆ ಅಂತ ಹೇಳಿಕಳಿಸಿದ್ದರು. ಕೊಟ್ಟೆವು. ಗೋಲಿ ತೆಗೆದು ಕೊಬ್ಬರಿ ಸಕ್ಕರೆ ತುಂಬಿಟ್ಟಿದ್ದರು.

ಹಾಳೆಗಳು ಈಗ ಗ್ರಂಥಾಲಯದ ಬೀರುವಿನಲ್ಲಿ ಬೀಗದೊಳಗಿವೆ. ಎಣಿಸಿದರೆ 32. ಉಳಿದ ಒಂದು ಯಾರ ಹತ್ತಿರ ಇದೆ ಅಂತ ನಮಗೆ ಗೊತ್ತು. ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ, ಸಿಕ್ಕಾಗೆಲ್ಲ ಮೇಡಂ ಕೇಳುತ್ತಾರೆ. ಅವನದ್ದು ಪ್ರತಿ ಸಲ ಒಂದೇ ಉತ್ತರ: ‘ಭಾಳ ಜ್ವಾಪಾನ ಮಾಡಿ ಎಲ್ಲೋ ಮುಚ್ಚಿಟ್ಟೀನ್ರಿ ಮೇಡಂ. ಹುಡುಕಾಕತ್ತೀನಿ.’